ಬಾಗಿಲ ಮೇಲಿನ ಹೆಸರು: ಒಂದು ಹಳೆಯ ಪಿಕಪ್ ಟ್ರಕ್ಕಿನ ಚರಿತ್ರೆ

ಅಯೋವಾದಲ್ಲಿ ಜನವರಿ ಎಂದರೆ ಸಂಜೆ ಐದಕ್ಕೇ ಕತ್ತಲು, ಅಂಗಳದ ತುಂಬ ಹಿಮ. ಅಂಥದೊಂದು ಶನಿವಾರ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿದರು. ಒಂದು ಬೋಲ್ಟು ಸಡಿಲಿಸಬೇಕಿದೆ, ಪಾನಾ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು ಎಂದರು. ಹತ್ತು ನಿಮಿಷದ ಕೆಲಸವೆಂದು ಚಪ್ಪಲಿ ಮೆಟ್ಟಿಕೊಂಡೇ ಹೋದೆ. ಆ ಬೋಲ್ಟು ನನ್ನನ್ನು ಎರಡೂವರೆ ವರ್ಷ ಹಿಡಿದಿಟ್ಟಿತು.

ಅವರ ಗ್ಯಾರೇಜಿನ ನಡುವೆ ನಿಂತಿದ್ದುದು 1950ರ ಷೆವರ್ಲೆ 3100, ಅರ್ಧ ಟನ್ನಿನ ಪಿಕಪ್ ಟ್ರಕ್ಕು. ಉಬ್ಬಿದ ಮಡ್‌ಗಾರ್ಡುಗಳು, ಮುಖದ ಮೇಲೆ ಐದು ಅಡ್ಡಪಟ್ಟಿಗಳು, ಬೆನ್ನಿಗೆ ಆರೂವರೆ ಅಡಿ ಉದ್ದದ ತೆರೆದ ತೊಟ್ಟಿ. ಅದನ್ನು ಹೊಸದಾಗಿ ಕೊಂಡವರು ಇವರ ತಂದೆ. ಮುಸುಕಿನ ಜೋಳ, ಸೋಯಾ ಬೆಳೆದು ಹಂದಿ ಸಾಕುತ್ತಿದ್ದ ರೈತ. ಇಪ್ಪತ್ತೈದು ವರ್ಷ ದುಡಿದ ಗಾಡಿ ಆಮೇಲೆ ಕೊಟ್ಟಿಗೆ ಸೇರಿತು. ಜಮೀನು ಮಾರಿದಾಗ ಮಗ ಬೇರೇನನ್ನೂ ತರಲಿಲ್ಲ, ಇದನ್ನು ಮಾತ್ರ ಟ್ರೇಲರಿನ ಮೇಲೆ ಹೇರಿಕೊಂಡು ಊರಿಗೆ ತಂದರು. ನಿವೃತ್ತ ಶಾಲಾ ಶಿಕ್ಷಕರಾದ ಅವರನ್ನು ನಾನು ಮನಸ್ಸಿನಲ್ಲೇ ‘ಮೇಷ್ಟ್ರು’ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಮೇಷ್ಟ್ರ ಬಳಿ ಒಂದು ದಪ್ಪ ಪುಸ್ತಕವಿತ್ತು. ಈ ಟ್ರಕ್ಕನ್ನು ಕಾರ್ಖಾನೆಯಲ್ಲಿ ಜೋಡಿಸುವಾಗ ಕೆಲಸಗಾರರ ಮುಂದಿದ್ದ ಕೈಪಿಡಿಯ ಮರುಮುದ್ರಣ ಅದು. ಯಾವ ನಟ್ಟು ಎಲ್ಲಿ, ಯಾವ ತಂತಿ ಯಾವ ತೂತಿನಿಂದ ಹೋಗಬೇಕು, ಎಲ್ಲಕ್ಕೂ ಚಿತ್ರವಿತ್ತು. ‘ಇದು 1950ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಆಗಬೇಕು’ ಎಂಬುದು ಅವರ ಆಸೆ. ನನಗೂ ಅದೇ ಸರಿ ಎನಿಸಿತ್ತು. ಹಳೆಯ ಗಾಡಿಯನ್ನು ರಿಪೇರಿ ಮಾಡುವುದು ಎಂದರೆ ಮೊದಲಿದ್ದ ಹಾಗೆ ಮಾಡುವುದು ತಾನೆ?

ಆದರೆ ಮೊದಲು ಎಂದರೆ ಯಾವಾಗ? ಈ ಪ್ರಶ್ನೆ ಎದ್ದದ್ದು ಕೆಲಸ ಅರ್ಧ ಆದಮೇಲೆ, ಅದೂ ನನ್ನದೇ ಒಂದು ತಪ್ಪಿನಿಂದ. ಅದನ್ನು ಹೇಳುವ ಮುನ್ನ ಪಿಕಪ್ ಟ್ರಕ್ಕು ಎಂಬ ವಸ್ತು ಎಲ್ಲಿ ಹುಟ್ಟಿತು ಎಂಬುದನ್ನು ಹೇಳಬೇಕು. ಅದು ಹುಟ್ಟಿದ್ದು ಕಾರ್ಖಾನೆಯಲ್ಲಿ ಅಲ್ಲ.

1908ರ ಅಕ್ಟೋಬರಿನಲ್ಲಿ ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರು ಮಾರುಕಟ್ಟೆಗೆ ಬಂತು. 1927ರಲ್ಲಿ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಕಾರುಗಳು ತಯಾರಾಗಿದ್ದವು. ನೆಲದಿಂದ ಎತ್ತರಕ್ಕೆ ನಿಂತ, ಕೆಸರಿಗೆ ಹೆದರದ ಈ ಗಾಡಿಯನ್ನು ಅಮೆರಿಕದ ರೈತರು ಬೇಗ ಒಪ್ಪಿಕೊಂಡರು. ಅವರಿಗೆ ಅದು ಬರೀ ಕಾರಾಗಿರಲಿಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತು ಇತ್ತು. ಅಂಥ ಮನೆಯಲ್ಲಿ ಕಾರೆಂದರೆ ಗಾಲಿ ಮೇಲಿನ ಎಂಜಿನ್ನು. ಹಿಂದಿನ ಒಂದು ಗಾಲಿಯನ್ನು ಜಾಕಿನ ಮೇಲೆತ್ತಿ, ಅದಕ್ಕೆ ಬೆಲ್ಟು ಸುತ್ತಿ, ಕಟ್ಟಿಗೆ ಕೊಯ್ಯುವ ಗರಗಸ ಓಡಿಸುತ್ತಿದ್ದರು, ನೀರೆತ್ತುತ್ತಿದ್ದರು, ಜೋಳ ಬೀಸುತ್ತಿದ್ದರು. ಭಾನುವಾರ ಅದೇ ಗಾಡಿಯಲ್ಲಿ ಚರ್ಚಿಗೆ ಹೋಗುತ್ತಿದ್ದರು.

ರೊನಾಲ್ಡ್ ಕ್ಲೈನ್ ಮತ್ತು ಟ್ರೆವರ್ ಪಿಂಚ್ ಎಂಬ ವಿದ್ವಾಂಸರು 1996ರಲ್ಲಿ ಇದರ ಬಗ್ಗೆ ಒಂದು ಹೆಸರಾದ ಲೇಖನ ಬರೆದರು. ಯಂತ್ರವನ್ನು ಕಂಪನಿ ತಯಾರಿಸುತ್ತದೆ, ಜನ ಬಳಸುತ್ತಾರೆ ಎಂಬ ಸರಳ ಲೆಕ್ಕ ಸಾಲದು, ಬಳಸುವವರು ಕೂಡ ಯಂತ್ರವನ್ನು ರೂಪಿಸುತ್ತಾರೆ ಎಂಬುದು ಅವರ ವಾದ. ಅದಕ್ಕೆ ಅವರು ತೆಗೆದುಕೊಂಡ ಉದಾಹರಣೆಯೇ ಹಳ್ಳಿಯ ಕಾರು. ಇದೇ ರೈತರು ಕಾರಿನ ಹಿಂದಿನ ಭಾಗವನ್ನು ಕಳಚಿ, ಅಲ್ಲಿ ಹಲಗೆಯ ಪೆಟ್ಟಿಗೆ ಕೂರಿಸಿ, ಹಾಲು, ಮೊಟ್ಟೆ, ಹಂದಿಮರಿಗಳನ್ನು ಸಂತೆಗೆ ಒಯ್ಯತೊಡಗಿದರು. ಅಂಚೆಯ ಮೂಲಕ ಸರಕು ಮಾರುವ ಕಂಪನಿಗಳ ಕೆಟಲಾಗುಗಳಲ್ಲಿ ಕಾರನ್ನು ಹೀಗೆ ಬದಲಾಯಿಸುವ ಸಾಮಾನುಗಳು ಸಿಗತೊಡಗಿದವು. 1917ರಲ್ಲಿ ಫೋರ್ಡ್ ‘ಟಿಟಿ’ ಎಂಬ ಒಂದು ಟನ್ನಿನ ಚಾಸಿ ಹೊರತಂದಿತು. ಬರೀ ಚಾಸಿ. ಮೈಯನ್ನು ಕೊಂಡವರೇ ಊರಿನ ಬಡಗಿಯ ಹತ್ತಿರ ಕಟ್ಟಿಸಿಕೊಳ್ಳಬೇಕಿತ್ತು.

ಕೊನೆಗೆ 1925ರ ಏಪ್ರಿಲ್ 15ರಂದು ಫೋರ್ಡ್ ಕಂಪನಿ ‘ಪಿಕಪ್ ಬಾಡಿ ಇರುವ ಮಾಡೆಲ್ ಟಿ ರನಬೌಟ್’ ಎಂಬ ಉದ್ದ ಹೆಸರಿನ ಗಾಡಿಯನ್ನು ಮಾರಾಟಕ್ಕಿಟ್ಟಿತು. ಬೆಲೆ 281 ಡಾಲರ್. ಹಿಂದೆ 56 ಅಂಗುಲ ಉದ್ದ, 13 ಅಂಗುಲ ಆಳದ ಉಕ್ಕಿನ ತೊಟ್ಟಿ. ಮೊದಲ ವರ್ಷದಲ್ಲೇ ಸುಮಾರು 34,000 ಗಾಡಿಗಳು ತಯಾರಾದವು. ಕಾರ್ಖಾನೆಯೇ ಪೂರ್ತಿಯಾಗಿ ತಯಾರಿಸಿ ಕೊಟ್ಟ ಫೋರ್ಡಿನ ಮೊದಲ ಪಿಕಪ್ ಇದು. ಹೊಸ ಶೋಧ ಎಂದೇನೂ ಇರಲಿಲ್ಲ. ರೈತರು ಎಷ್ಟೋ ವರ್ಷದಿಂದ ಕೊಟ್ಟಿಗೆಯಲ್ಲಿ ಗರಗಸ, ಸುತ್ತಿಗೆ ಹಿಡಿದು ಮಾಡುತ್ತಿದ್ದುದನ್ನೇ ಕಂಪನಿ ಉಕ್ಕಿನಲ್ಲಿ ಅಚ್ಚೊತ್ತಿ ಮಾರಿತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮನೆಮಾಡಿದ ಟ್ರಕ್ಕು ಪರಿಚಿತವೇ. ಜಾನ್ ಸ್ಟೈನ್‌ಬೆಕ್‌ನ 1939ರ ಕಾದಂಬರಿ ‘ದ ಗ್ರೇಪ್ಸ್ ಆಫ್ ರಾತ್’ನಲ್ಲಿ ಧೂಳು ಮತ್ತು ಸಾಲ ಸೇರಿ ಓಕ್ಲಹೋಮಾದಿಂದ ಹೊರದಬ್ಬಿದ ಜೋಡ್ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೊರಡುವುದು ಅಂಥದೇ ಗಾಡಿಯಲ್ಲಿ. ಹಳೆಯ ಹಡ್ಸನ್ ಕಾರೊಂದರ ಹಿಂಭಾಗ ಕತ್ತರಿಸಿ ಮಾಡಿಕೊಂಡ ಟ್ರಕ್ಕು ಅದು. ದಾರಿಯಲ್ಲಿ ಜೊತೆಯಾದ ಇನ್ನೊಂದು ಕುಟುಂಬದ ಕಾರಿನ ಎಂಜಿನ್ನಿನ ಬೇರಿಂಗು ಹೋಗುತ್ತದೆ. ಜೋಡ್ ಮನೆಯ ಅಣ್ಣತಮ್ಮಂದಿರು ಗುಜರಿ ಅಂಗಡಿಗೆ ಹೋಗಿ ಬಿಡಿಭಾಗ ಹುಡುಕಿ ತಂದು ತಾವೇ ಜೋಡಿಸುತ್ತಾರೆ. ಮೊದಲ ಸಲ ಓದಿದಾಗ ಆ ಪುಟಗಳನ್ನು ನಾನು ಹಾರಿಸಿದ್ದೆ. ಇಷ್ಟೊಂದು ನಟ್ಟು-ಬೋಲ್ಟಿನ ವಿವರ ಏಕೆ ಎನಿಸಿತ್ತು. ಜಮೀನು, ಮನೆ ಎಲ್ಲ ಹೋದವರಿಗೆ ಉಳಿದಿದ್ದ ಒಂದೇ ಆಸ್ತಿ ಎಂದರೆ ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈ ಎಂಬುದು ಆಗ ಹೊಳೆದಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಾಹನ ಕಾರ್ಖಾನೆಗಳು ಸೈನ್ಯಕ್ಕೆ ದುಡಿದವು. 1942ರ ಫೆಬ್ರವರಿಯಲ್ಲಿ ಜನಸಾಮಾನ್ಯರ ಕಾರುಗಳ ತಯಾರಿಕೆ ನಿಂತೇ ಹೋಯಿತು. ಇದ್ದ ಗಾಡಿಗಳನ್ನೇ ರೈತರು ತೇಪೆ ಹಾಕಿ ಓಡಿಸಿದರು. ಯುದ್ಧ ಮುಗಿದಾಗ ಎಲ್ಲರಿಗೂ ಹೊಸ ಟ್ರಕ್ಕು ಬೇಕಿತ್ತು. 1947ರ ಬೇಸಿಗೆಯಲ್ಲಿ ಷೆವರ್ಲೆ ‘ಅಡ್ವಾನ್ಸ್ ಡಿಸೈನ್’ ಸರಣಿಯ ಟ್ರಕ್ಕುಗಳನ್ನು ತಂದಿತು. ಫೋರ್ಡಿನ ಎಫ್-1 ಬಂದದ್ದು 1948ರ ಮಾದರಿಯಾಗಿ. ಮುಂದಿನ ಕೆಲವು ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಷೆವರ್ಲೆಯೇ. 1955ರ ಆರಂಭದವರೆಗೂ ಅದೇ ಆಕಾರ ನಡೆಯಿತು. ಮೇಷ್ಟ್ರ ತಂದೆಯ ಟ್ರಕ್ಕು ಆ ಲಕ್ಷಾಂತರಗಳಲ್ಲಿ ಒಂದು.

ಆ ಮೊದಲ ಬೋಲ್ಟಿನ ಕಥೆಗೆ ಬರೋಣ. ಎಪ್ಪತ್ತು ವರ್ಷದ ತುಕ್ಕು ಹಿಡಿದ ಬೋಲ್ಟನ್ನು ಬಲದಿಂದ ತಿರುಗಿಸಿದರೆ ತಲೆ ಮುರಿದು ಬರುತ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಮರುದಿನ ಗ್ಯಾಸಿನ ಉರಿಯಲ್ಲಿ ಕಾಯಿಸಿ, ಆರಲು ಬಿಟ್ಟು, ಸ್ವಲ್ಪ ಬಿಗಿಮಾಡಿ, ಆಮೇಲೆ ಸಡಿಲಿಸಬೇಕು. ಬಿಚ್ಚಿದ್ದನ್ನೆಲ್ಲ ಫೋಟೋ ತೆಗೆದು, ಚೀಲಕ್ಕೆ ಹಾಕಿ, ಚೀಟಿ ಅಂಟಿಸಬೇಕು. ಮೊದಲ ಚಳಿಗಾಲ ಪೂರ್ತಿ ನಾವು ಮಾಡಿದ್ದು ಇಷ್ಟೇ: ಬಿಚ್ಚಿದೆವು, ಬರೆದಿಟ್ಟೆವು.

ಸಣ್ಣ ಭಾಗಗಳ ತುಕ್ಕನ್ನು ಬಿಡಿಸಿದ್ದು ಬಟ್ಟೆ ಒಗೆಯುವ ಸೋಡಾದಿಂದ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸೋಡಾ ನೀರು ತುಂಬಿ, ತುಕ್ಕಿನ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತಂತಿಗೂ ಒಂದು ಹಳೆಯ ಕಬ್ಬಿಣದ ತುಂಡನ್ನು ಧನ ತಂತಿಗೂ ಕಟ್ಟಿ ಮುಳುಗಿಸಿದರೆ, ಮರುದಿನ ಹೊತ್ತಿಗೆ ತುಕ್ಕು ಕಪ್ಪು ಮಸಿಯಾಗಿ ಉದುರುತ್ತದೆ. ಹೊರಡುವ ಗುಳ್ಳೆಗಳು ಜಲಜನಕ, ಹಾಗಾಗಿ ಗ್ಯಾರೇಜಿನ ಬಾಗಿಲು ತೆರೆದಿರಬೇಕು, ಹತ್ತಿರ ಕಿಡಿ ಸುಳಿಯಬಾರದು. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರೊಳಗಿನ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಮೈನಸ್ ಹದಿನೈದು ಡಿಗ್ರಿಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂರುವ ಸುಖ ಅನುಭವಿಸಿದವರಿಗೇ ಗೊತ್ತು.

ಎಂಜಿನ್ನು ತೆರೆದ ದಿನ ನನಗೆ ಸ್ಟೈನ್‌ಬೆಕ್‌ನ ಆ ಪುಟಗಳು ಅರ್ಥವಾದವು. ಸಾಲಾಗಿ ನಿಂತ ಆರು ಸಿಲಿಂಡರು, 216 ಘನ ಅಂಗುಲ. ಪಿಸ್ಟನ್ನನ್ನು ಹಿಡಿದ ಪ್ರತಿ ಕಡ್ಡಿಯ ತುದಿಯಲ್ಲೂ ಪುಟ್ಟ ಸೌಟಿನಂಥದು ಇದೆ, ಎಂಜಿನ್ನು ತಿರುಗಿದಂತೆ ಅದು ಕೆಳಗಿನ ಎಣ್ಣೆಯನ್ನು ಮೊಗೆದು ಬೇರಿಂಗಿಗೆ ಕುಡಿಸುತ್ತದೆ. ಬೇರಿಂಗಿನ ಒಳಮೈ ಬ್ಯಾಬಿಟ್ ಎಂಬ ಮೆದು ಮಿಶ್ರಲೋಹ. ಐಸಾಕ್ ಬ್ಯಾಬಿಟ್ 1839ರಲ್ಲಿ ಕಂಡುಹಿಡಿದದ್ದು. ಬೇರಿಂಗಿನ ಎರಡು ಅರ್ಧಗಳ ನಡುವೆ ಕಾಗದದಷ್ಟು ತೆಳುವಾದ ತಗಡಿನ ಹಾಳೆಗಳನ್ನು ಇಟ್ಟಿರುತ್ತಾರೆ. ಲೋಹ ಸವೆದು ಸದ್ದು ಬರತೊಡಗಿದರೆ ಒಂದು ಹಾಳೆ ತೆಗೆದು ಮತ್ತೆ ಬಿಗಿದರಾಯಿತು. ಅಂದರೆ ಯಂತ್ರ ಮುಂದೊಂದು ದಿನ ಸವೆಯುತ್ತದೆ, ಆಗ ಅದನ್ನು ಸರಿಮಾಡುವವನು ಕೊಂಡವನೇ ಇರಬಹುದು ಎಂಬ ನಂಬಿಕೆಯನ್ನು ಅದರೊಳಗೇ ಇಟ್ಟು ಕೊಟ್ಟಿದ್ದರು. ನಾವು ತೆಗೆದಾಗ ಆರರಲ್ಲಿ ಎರಡು ಬೇರಿಂಗುಗಳಲ್ಲಿ ಹಾಳೆ ಕಡಿಮೆ ಇತ್ತು. ‘ಅಪ್ಪ’ ಎಂದರು ಮೇಷ್ಟ್ರು.

ಹೀಗೆ ಅಪ್ಪ ಎಲ್ಲ ಕಡೆಯೂ ಸಿಗತೊಡಗಿದರು. ತೊಟ್ಟಿಯ ನೆಲಕ್ಕೆ ಕಾರ್ಖಾನೆಯವರು ಹಾಕಿದ್ದ ಹಲಗೆ ಕೊಳೆತಾಗ ಅವರು ಕೊಟ್ಟಿಗೆಯ ಓಕ್ ಹಲಗೆ ಕೊಯ್ದು ಹಾಸಿದ್ದರು. ಹಿಂದೆ ಗಾಡಿ ಎಳೆಯುವ ಕೊಕ್ಕೆಯನ್ನು ಹಳೆಯ ನೇಗಿಲಿನ ಉಕ್ಕಿನಿಂದ ಮಾಡಿ ಬೆಸೆದಿದ್ದರು. ಕಾರ್ಖಾನೆಯ ಹಸಿರು ಬಣ್ಣದ ಮೇಲೆ ಟ್ರ್ಯಾಕ್ಟರಿಗೆ ಬಳಿದು ಉಳಿದ ಕೆಂಪು ಬಣ್ಣ ಕುಂಚದಲ್ಲೇ ಬಳಿದಿದ್ದರು, ಕೂದಲೆಳೆಗಳು ಬಣ್ಣದಲ್ಲಿ ಸಿಕ್ಕಿ ಹಾಗೇ ಒಣಗಿದ್ದವು. ಕೈಪಿಡಿಯ ಪ್ರಕಾರ ಇವೆಲ್ಲ ತಪ್ಪುಗಳು. ಮೇಷ್ಟ್ರು ಅವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರು: ತೆಗೆಯಬೇಕಾದವು.

ಎಲ್ಲವೂ ಮುದ್ದಾದ ನೆನಪುಗಳೇ ಆಗಿರಲಿಲ್ಲ. ಸೀಟಿನ ಬೆನ್ನಿಗೇ ಪೆಟ್ರೋಲ್ ಟ್ಯಾಂಕು ಇರುವ ಗಾಡಿ ಇದು. ಅದರ ಪಕ್ಕದಲ್ಲೇ ಹಾಯ್ದ ತಂತಿಯೊಂದರ ಹೊದಿಕೆ ಹೋದ ಕಡೆ ಅಪ್ಪ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಕೈತೊಳೆದುಕೊಂಡಿದ್ದರು. ಕೊಕ್ಕೆಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬ್ರೇಕಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಕಾಲದ ಗಾಡಿಯಾದ್ದರಿಂದ ಆ ಡ್ರಮ್ಮುಗಳನ್ನು ಮುಖಕ್ಕೆ ಮಾಸ್ಕು ಕಟ್ಟಿ, ನೀರು ಸಿಂಪಡಿಸಿಯೇ ತೆರೆದೆವು. ಸೀಟ್ ಬೆಲ್ಟ್ ಇಲ್ಲವೇ ಇಲ್ಲ. ಹಳೆಯದೆಲ್ಲ ಗಟ್ಟಿ ಎನ್ನುವವರನ್ನು ಒಮ್ಮೆ ಆ ಸೀಟಿನಲ್ಲಿ ಕೂರಿಸಬೇಕು.

ಎರಡನೆಯ ಬೇಸಿಗೆಯಲ್ಲಿ ಟಿಂಕರಿಂಗ್ ಕೆಲಸ. ಕ್ಯಾಬಿನ ಕೆಳಮೂಲೆಗಳು ತುಕ್ಕು ಹಿಡಿದು ಜರಡಿಯಾಗಿದ್ದವು. ಈ ಕಾಲದ ಷೆವರ್ಲೆಗಳಿಗೆ ಅದು ಹುಟ್ಟುರೋಗ. ಅಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಒಂದೇ ಸಮ ಬೆಸೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುತ್ತ ಹೋಗಬೇಕು. ಮೇಷ್ಟ್ರು ಬೆಸುಗೆ ಕಲಿತದ್ದು ಹೈಸ್ಕೂಲಿನಲ್ಲಿ. 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದಾಗಿ ಅಮೆರಿಕದ ಹಳ್ಳಿ ಶಾಲೆಗಳಲ್ಲಿ ಕೃಷಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಬರುತ್ತಿತ್ತು. ರೈತರ ಮಕ್ಕಳು ಅಲ್ಲಿ ಬೆಳೆಯ ಪಾಠದ ಜೊತೆಗೆ ಯಂತ್ರದ ಪಾಠವನ್ನೂ ಕಲಿಯುತ್ತಿದ್ದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು, ಟಾರ್ಚು ಹಿಡಿದಾಗ ಮಾತ್ರ ನಿಲ್ಲುತ್ತಿತ್ತು.

ನನಗೆ ಕೊಟ್ಟದ್ದು ಸುಲಭದ ಕೆಲಸ: ಬಲಬಾಗಿಲಿನ ಬಣ್ಣ ತೆಗೆಯುವುದು. ಬೇಗ ಮುಗಿಸಬೇಕೆಂದು ವಿದ್ಯುತ್ ಸ್ಯಾಂಡರ್ ಹಿಡಿದೆ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣ ಧೂಳು ಎಬ್ಬಿಸಬೇಡ ಎಂದು ಮೇಷ್ಟ್ರು ಹೇಳಿದ್ದರು. ಮಾಸ್ಕು ಇದೆಯಲ್ಲ ಎಂದುಕೊಂಡೆ. ಕೆಂಪು ಹೋಗಿ ಹಸಿರು ಕಂಡಿತು. ಹಸಿರಿನ ಮೇಲೆ ಅಲ್ಲಲ್ಲಿ ಬಿಳಿ ಕಂಡಿತು. ಪ್ರೈಮರ್ ಇರಬೇಕು ಎಂದುಕೊಂಡು ಮುಂದುವರಿಸಿದೆ. ಬಾಗಿಲಿನ ಮುಕ್ಕಾಲು ಭಾಗ ಬರಿಯ ಉಕ್ಕಾದ ಮೇಲೆ ಒಂದು ಹೆಜ್ಜೆ ಹಿಂದೆ ಬಂದು ನೋಡಿದೆ. ಉಳಿದ ಕಾಲು ಭಾಗದಲ್ಲಿದ್ದ ಬಿಳಿ ಪ್ರೈಮರ್ ಆಗಿರಲಿಲ್ಲ. ಅದು ಬರವಣಿಗೆಯಾಗಿತ್ತು. ಕೊನೆಯ ಮೂರು ಅಕ್ಷರಗಳು.

ಮೇಷ್ಟ್ರು ಬಂದು ನೋಡಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಳಗಿನಿಂದ ಬಕೆಟ್ಟಿನಲ್ಲಿ ನೀರು, ನಯವಾದ ಉಪ್ಪುಕಾಗದ ತಂದು, ಎಡಬಾಗಿಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಕಾಗದವನ್ನು ನೀರಲ್ಲಿ ಅದ್ದಿ, ಕೈಬೆರಳಿನಷ್ಟೇ ಜಾಗವನ್ನು ಉಜ್ಜುತ್ತ ಹೋದರು. ಮೂರು ಸಂಜೆ ಹಿಡಿಯಿತು. ಕೆಂಪಿನ ಅಡಿಯಿಂದ ಮೊದಲು ಅವರ ತಾತನ ಹೆಸರು, ಅದರ ಕೆಳಗೆ ‘ಮತ್ತು ಮಗ’ ಎಂಬ ಮಾತು, ಆಮೇಲೆ ಊರಿನ ಹೆಸರು ಎದ್ದವು. ಬೋರ್ಡು ಬರೆಯುವ ಪೇಂಟರನೊಬ್ಬನ ದುಂಡಗಿನ ಕೈ. ಅದು ಅಲ್ಲಿ ಇದೆಯೆಂಬುದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರಿಗೆ ನೆನಪಿದ್ದುದು ಕೆಂಪು ಟ್ರಕ್ಕು ಮಾತ್ರ. ತಾತ ತೀರಿಕೊಂಡದ್ದು ಅವರಿಗೆ ನಾಲ್ಕು ವರ್ಷವಿದ್ದಾಗ. ತಂದೆ ಕೆಂಪು ಬಳಿದದ್ದು ಆಮೇಲೆ ಇರಬೇಕು. ಯಾಕೆ ಬಳಿದರು ಎಂದು ಹೇಳುವವರು ಈಗ ಯಾರೂ ಇಲ್ಲ.

ಈಗ ‘ಮೊದಲಿದ್ದ ಹಾಗೆ’ ಎಂದರೆ ಏನು? ಕಾರ್ಖಾನೆಯ ಹಸಿರೇ? ಹಾಗಿದ್ದರೆ ತಾತನ ಹೆಸರನ್ನೂ ಉಜ್ಜಿ ತೆಗೆಯಬೇಕು, ಕಾರ್ಖಾನೆ ಅದನ್ನು ಬರೆದಿರಲಿಲ್ಲ. ಹೆಸರಿರುವ ಹಸಿರೇ? ಹಾಗಿದ್ದರೆ ಅಪ್ಪನ ಕೆಂಪು ಹೋಗಬೇಕು. ಮೇಷ್ಟ್ರ ಬಾಲ್ಯದ ಟ್ರಕ್ಕು ಆ ಕೆಂಪೇ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಮನೆಯ ಪುಸ್ತಕದ ಕಪಾಟು. ನನ್ನ ತಂದೆ ಕನ್ನಡ ಅಧ್ಯಾಪಕರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ಹಳೆಯ ಕಾವ್ಯವನ್ನು ಕವಿಯೇ ಬರೆದ ಓಲೆಯಲ್ಲಿ ಓದುವ ಭಾಗ್ಯ ನಮಗೆ ಸಾಮಾನ್ಯವಾಗಿ ಇರುವುದಿಲ್ಲ, ಪ್ರತಿಯಿಂದ ಪ್ರತಿಗೆ ಇಳಿದು ಬಂದದ್ದೇ ಸಿಗುತ್ತದೆ ಎಂದು ಅವರು ಹೇಳುತ್ತಿದ್ದರು. ಲಿಪಿಕಾರ ಎಲ್ಲೋ ಕಣ್ತಪ್ಪಿ ಒಂದು ಸಾಲು ಬಿಡುತ್ತಾನೆ, ಎಲ್ಲೋ ತನಗೆ ತೋಚಿದ್ದನ್ನು ಸೇರಿಸುತ್ತಾನೆ. ಸಂಪಾದಕನ ಕೆಲಸ ಮೂಲಕ್ಕೆ ಹತ್ತಿರದ ಪಾಠ ಹುಡುಕುವುದು ನಿಜ, ಆದರೆ ಬೇರೆ ಪಾಠಗಳನ್ನು ಬಿಸಾಡುವ ಹಾಗಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡಬೇಕು. ಓಲೆ ಮುರಿದು ಅಕ್ಷರ ಹೋದ ಕಡೆ ತಾನೇ ಕವಿಯಾಗಬಾರದು, ಚುಕ್ಕೆ ಇಟ್ಟು ಬಿಡಬೇಕು. ‘ತುಂಬಿಸುವುದು ಸುಲಭ ಕಣೋ, ಬಿಡುವುದೇ ಕಷ್ಟ’ ಎನ್ನುತ್ತಿದ್ದರು.

ಕಟ್ಟಡಗಳ ಲೋಕದಲ್ಲೂ ಇದೇ ವಾದ ನಡೆದಿದೆ. 1964ರ ವೆನಿಸ್ ಸನ್ನದು ಸ್ಮಾರಕಗಳ ರಕ್ಷಣೆಗೆ ಹಾಕಿಕೊಟ್ಟ ನಿಯಮಗಳಲ್ಲಿ ಒಂದು ಇದು: ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು. ಬೇರೆ ಬೇರೆ ಕಾಲದವರು ಸೇರಿಸಿದ್ದಕ್ಕೂ ಬೆಲೆ ಕೊಡಬೇಕು. ಅದೇ ದಾರಿಯಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫೀವಾ’ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ಇದ್ದದ್ದನ್ನು ಉಳಿಸುವುದು ಬೇರೆ, ಹೋದದ್ದನ್ನು ಮರಳಿ ಕಟ್ಟುವುದು ಬೇರೆ ಎಂದು ಅದು ಬಿಡಿಸಿ ಹೇಳುತ್ತದೆ. ಅಮೆರಿಕದಲ್ಲಿ ಹಳೆಯ ಕಾರುಗಳ ಅಭಿಮಾನಿಗಳ ಸಂಘ 1935ರಷ್ಟು ಹಿಂದೆಯೇ ಹುಟ್ಟಿತ್ತು. ಆದರೆ ಪಿಕಪ್ಪಿಗೆ ಆ ಪಂಕ್ತಿಯಲ್ಲಿ ಬಹಳ ಕಾಲ ಎಲೆ ಹಾಕಲಿಲ್ಲ. ಅದು ಸಗಣಿ ಹೊರುವ ಗಾಡಿ. ಈಗ ಎಲೆ ಸಿಕ್ಕಿದೆ, ಆದರೆ ಪ್ರದರ್ಶನದಲ್ಲಿ ನಿಲ್ಲುವ ಎಷ್ಟೋ ಟ್ರಕ್ಕುಗಳ ಮೈಯಲ್ಲಿ ಸಗಣಿ ಹೊತ್ತ ಒಂದು ಗೀರೂ ಇರುವುದಿಲ್ಲ. ಕಾರ್ಖಾನೆಯಲ್ಲಿ ಒಂದು ದಿನ ಇದ್ದ ರೂಪಕ್ಕಾಗಿ ಹೊಲದಲ್ಲಿ ಕಳೆದ ಇಪ್ಪತ್ತೈದು ವರ್ಷವನ್ನು ಉಜ್ಜಿ ತೆಗೆದಿರುತ್ತಾರೆ.

ಇದು ಬರೀ ಹಳೆಯ ಗಾಡಿಯ ಶೋಕಿಯ ಮಾತಲ್ಲ. ಫೋರ್ಡಿನ ಎಫ್ ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು. ರೈತರಿಗಿಂತ ಹೆಚ್ಚಾಗಿ ಪೇಟೆಯವರು ಅದನ್ನು ಕೊಳ್ಳುತ್ತಾರೆ. ಗಾಡಿಗಳು ಒಳ್ಳೆಯದಾಗಿಯೂ ಇವೆ: ಹೊಗೆ ಕಡಿಮೆ, ಅಪಘಾತದಲ್ಲಿ ಜೀವ ಉಳಿಯುವ ಸಾಧ್ಯತೆ ಹೆಚ್ಚು. 1996ರಿಂದ ಅಲ್ಲಿನ ಪ್ರತಿ ಹೊಸ ಕಾರು, ಸಣ್ಣ ಟ್ರಕ್ಕುಗಳಲ್ಲಿ ದೋಷ ಹೇಳುವ ಕಂಪ್ಯೂಟರ್ ವ್ಯವಸ್ಥೆ ಕಡ್ಡಾಯ. ಆದರೆ ಆ ಕಂಪ್ಯೂಟರಿನ ಬೀಗದ ಕೈ ಯಾರದು ಎಂಬ ಜಗಳ ಅಂದಿನಿಂದ ನಡೆದೇ ಇದೆ. 2012ರಲ್ಲಿ ಮ್ಯಾಸಚೂಸೆಟ್ಸ್ ಮತದಾರರು ವಾಹನ ದುರಸ್ತಿಯ ಹಕ್ಕಿಗೆ ಭಾರಿ ಬಹುಮತ ಕೊಟ್ಟರು. 2023ರ ಜನವರಿಯಲ್ಲಿ ಟ್ರ್ಯಾಕ್ಟರ್ ತಯಾರಿಸುವ ಜಾನ್ ಡಿಯರ್ ಕಂಪನಿ ರೈತರ ಸಂಘಟನೆಯಾದ ಅಮೆರಿಕನ್ ಫಾರ್ಮ್ ಬ್ಯೂರೋ ಜೊತೆ ದುರಸ್ತಿಯ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳ ದುರಸ್ತಿ ಹಕ್ಕಿಗೆ ಕಾಯ್ದೆಯನ್ನೇ ತಂದಿತು.

ನೂರು ವರ್ಷದ ಹಿಂದೆ ಕಾರು ಕತ್ತರಿಸಿ ಟ್ರಕ್ಕು ಮಾಡಿಕೊಂಡವರ ಮೊಮ್ಮಕ್ಕಳು ಇಂದು ತಮ್ಮ ಟ್ರ್ಯಾಕ್ಟರನ್ನು ತಾವೇ ಬಿಚ್ಚಲು ಕಾನೂನು ಕೇಳಬೇಕಾಗಿದೆ. ಬೇರಿಂಗಿನ ನಡುವೆ ತೆಳು ಹಾಳೆ ಇಟ್ಟು ಕೊಟ್ಟ ಕಾಲಕ್ಕೂ ಈ ಕಾಲಕ್ಕೂ ನಡುವೆ ಬದಲಾದದ್ದು ಬರೀ ತಂತ್ರಜ್ಞಾನವಲ್ಲ. ಕೊಂಡವನನ್ನು ಕಂಪನಿ ಹೇಗೆ ಕಾಣುತ್ತದೆ ಎಂಬುದೂ ಬದಲಾಗಿದೆ. ಹಳೆಯ ಪಿಕಪ್ಪಿನಲ್ಲಿ ಉಳಿಸಬೇಕಾದದ್ದು ಏನಾದರೂ ಇದ್ದರೆ ಅದು ಕಾರ್ಖಾನೆಯ ಬಣ್ಣವಲ್ಲ, ಕೊಂಡವರು ಅದರ ಮೇಲೆ ಸ್ವಾತಂತ್ರ್ಯದಿಂದ ಕೈಯಾಡಿಸಿದ ಗುರುತು. ಅದನ್ನೇ ತಪ್ಪೆಂದು ತಿದ್ದಿದರೆ ಉಳಿಯುವುದು ಕೆಟಲಾಗಿನ ಒಂದು ಚಿತ್ರ.

ಮೇಷ್ಟ್ರು ಇದನ್ನೆಲ್ಲ ನನ್ನಷ್ಟು ಉದ್ದಕ್ಕೆ ಹೇಳಲಿಲ್ಲ. ಒಂದು ಭಾನುವಾರ ನೋಟ್‌ಬುಕ್ಕು ತೆರೆದು ‘ತೆಗೆಯಬೇಕಾದವು’ ಪಟ್ಟಿಯನ್ನು ಮತ್ತೆ ನೋಡಿದರು. ಜೀವಕ್ಕೆ ಅಪಾಯವಾಗುವಂಥದ್ದು ಮಾತ್ರ ತೆಗೆಯುವುದು ಎಂದು ತೀರ್ಮಾನವಾಯಿತು. ತಂತಿಗಳೆಲ್ಲ ಹೊಸವು. ಬ್ರೇಕಿನ ಕೊಳವೆ, ಲೈನಿಂಗು ಹೊಸವು. ಸೀಟ್ ಬೆಲ್ಟು ಹಾಕಿದೆವು, ಕೈಪಿಡಿಯಲ್ಲಿ ಇಲ್ಲದಿದ್ದರೂ. ಬಿರುಕು ಬಿಟ್ಟ ಕೊಕ್ಕೆಯನ್ನು ಕತ್ತರಿಸಿದಾಗ ಅವರು ಅದನ್ನು ಒರೆಸಿ ಗ್ಯಾರೇಜಿನ ಗೋಡೆಗೆ ನೇತುಹಾಕಿದರು. ಓಕ್ ಹಲಗೆಗಳು ಎಣ್ಣೆ ಕುಡಿದು ಇದ್ದಲ್ಲೇ ಉಳಿದವು. ಮಡ್‌ಗಾರ್ಡು, ಬಾನೆಟ್ಟುಗಳ ಮೇಲೆ ಅಪ್ಪನ ಕೆಂಪು ಇದ್ದಷ್ಟೂ ಹಾಗೇ ಉಳಿಯಿತು. ಹೊಸ ತಗಡು ಬೆಸೆದ ಕಡೆ ಅದೇ ಕೆಂಪನ್ನು ಹೊಂದಿಸಿ ಬಳಿದೆವು. ಹತ್ತಿರ ಹೋಗಿ ನೋಡಿದರೆ ಹಳತು ಯಾವುದು ಹೊಸತು ಯಾವುದು ತಿಳಿಯುತ್ತದೆ. ತಿಳಿಯಲಿ ಎಂದೇ ಬಿಟ್ಟೆವು. ಎಡಬಾಗಿಲು ಹಸಿರು, ಅದರ ಮೇಲೆ ತಾತನ ಬಿಳಿ ಅಕ್ಷರ, ಸುತ್ತ ಕೆಂಪಿನ ಅಂಚು. ಅದಕ್ಕೆ ಪಾರದರ್ಶಕ ಲೇಪ ಹಚ್ಚಿದೆವು.

ಬಲಬಾಗಿಲು ಉಳಿಯಿತು. ಎಡಗಡೆಯ ಅಕ್ಷರಗಳ ಅಚ್ಚು ತೆಗೆದು ಅಲ್ಲಿಯೂ ಬರೆಸಿಬಿಡೋಣ, ಖರ್ಚು ನನ್ನದು ಎಂದೆ. ತಪ್ಪು ನನ್ನದಲ್ಲವೇ. ಊಹೆಯ ಮಾತೂ ಇರಲಿಲ್ಲ, ಪಾಠ ಎದುರಿಗೇ ಇತ್ತು. ಮೇಷ್ಟ್ರು ಕೊನೆಯ ಮೂರು ಅಕ್ಷರಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬೇಡ, ಅಪ್ಪ ಬಳಿದು ಮುಚ್ಚಿದರು, ನೀನು ಉಜ್ಜಿ ತೆಗೆದೆ, ಇರಲಿ ಬಿಡು ಎಂದರು. ಉಳಿದ ಭಾಗಕ್ಕೆ ಹಸಿರು ಬಳಿದೆವು, ಖಾಲಿ ಹಸಿರು. ನನ್ನ ತಂದೆಗೆ ಫೋನಿನಲ್ಲಿ ಫೋಟೋ ಕಳಿಸಿದಾಗ ಅವರು ಬರೆದದ್ದು ಒಂದೇ ಮಾತು: ‘ತ್ರುಟಿತ.’

ಜುಲೈ ತಿಂಗಳ ಒಂದು ಬೆಳಿಗ್ಗೆ ಮೇಷ್ಟ್ರು ಚೋಕ್ ಎಳೆದು, ನೆಲದ ಮೇಲಿನ ಸ್ಟಾರ್ಟರನ್ನು ಕಾಲಲ್ಲಿ ಒತ್ತಿದರು. ನಾಲ್ಕನೆಯ ಸಲಕ್ಕೆ ಎಂಜಿನ್ನು ಹಿಡಿಯಿತು. ಗಂಟೆಗೆ ಮೂವತ್ತೈದು ಮೈಲಿಗಿಂತ ಹೆಚ್ಚು ಓಡಿಸದೆ, ಹಿಂದೆ ಬಂದ ಕಾರುಗಳಿಗೆಲ್ಲ ದಾರಿ ಬಿಡುತ್ತ, ಮಾರಿದ ಜಮೀನಿನವರೆಗೆ ಹೋಗಿ ಬಂದೆವು. ಕೊಟ್ಟಿಗೆ ಇರಲಿಲ್ಲ, ಅದಿದ್ದ ಕಡೆಯವರೆಗೂ ಜೋಳ ನಿಂತಿತ್ತು. ಹೊಲದ ಬದಿಯಲ್ಲಿ ಕಳೆ ತೆಗೆಯುತ್ತಿದ್ದ ಯುವಕನೊಬ್ಬ ಟ್ರಕ್ಕನ್ನು ನೋಡಿ ಹತ್ತಿರ ಬಂದ. ಎಡಬಾಗಿಲಿನ ಹೆಸರು ಓದಿದ. ಸುತ್ತ ಬಂದು ಬಲಬಾಗಿಲನ್ನೂ ನೋಡಿ, ಇಲ್ಲೇನಾಯಿತು ಎಂದು ಕೇಳಿದ.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ನಾನು ಹೇಳಿದೆ.